ಹಳೇ ಬಡಾವಣೆ ಉಳಿಸಿಕೊಳ್ಳುವುದು ಹೇಗೆ: ಅಲ್ಲೇ ಇರುವವರಿಗೊಂದು ಕೈಪಿಡಿ

ಮಲ್ಲೇಶ್ವರ, ಬಸವನಗುಡಿಯಂಥ ಬಡಾವಣೆಗಳನ್ನು ಯಾರೂ ಒಂದೇ ಏಟಿಗೆ ಕೆಡವುವುದಿಲ್ಲ. ಮೊದಲು ಒಂದು ಸೈಟು ವಸತಿಯಿಂದ ವಾಣಿಜ್ಯಕ್ಕೆ ಬದಲಾಗುತ್ತದೆ. ಅದನ್ನು ತೋರಿಸಿ ಪಕ್ಕದವರು ನಮಗೂ ಕೊಡಿ ಅನ್ನುತ್ತಾರೆ. ಹೀಗೇ ಕೆಲವು ವರ್ಷ ಕಳೆದರೆ ಆ ಕ್ರಾಸಿನಲ್ಲಿ ಮನೆ ಅಂತ ಉಳಿಯುವುದು ಎರಡೋ ಮೂರೋ. ಆಗ ಕಚೇರಿಗೆ ಹೋಗಿ ಕೇಳಿದರೆ, "ಎಲ್ಲ ಕಮರ್ಷಿಯಲ್ ಆಗಿಹೋಗಿದೆಯಲ್ಲ ಸಾರ್, ಇನ್ನು ಉಳಿಸೋಕೆ ಏನಿದೆ" ಅನ್ನುವ ಮಾತು ಬರುತ್ತದೆ. ಆ ಹೊತ್ತಿನಲ್ಲಿ ನಮ್ಮ ಹತ್ತಿರ ಉತ್ತರ ಇರುವುದಿಲ್ಲ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಕಥೆ ಅದು.

ಆ ಉತ್ತರವನ್ನು ಮುಂಚೆಯೇ ಕಾಗದದ ಮೇಲೆ ಸಿದ್ಧ ಮಾಡಿಟ್ಟುಕೊಳ್ಳುವುದು ಹೇಗೆ ಅನ್ನೋದನ್ನು ಇಲ್ಲಿ ಬರೆದಿದ್ದೇನೆ. ಉದಾಹರಣೆಗಳು ಜಾಸ್ತಿ ಬೆಂಗಳೂರಿನವು. ಆದರೆ 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಇಡೀ ರಾಜ್ಯಕ್ಕೆ ಅನ್ವಯ ಆಗುತ್ತದೆ. ಮೈಸೂರಿನ ಅಗ್ರಹಾರದಲ್ಲಿ ಇರುವವರಿಗೂ, ಧಾರವಾಡದ ಹಳೇ ಓಣಿಯಲ್ಲಿ ಇರುವವರಿಗೂ ದಾರಿ ಇದೇ.

ಮೊದಲು ನಿಮ್ಮ ಬೀದಿ ನಕ್ಷೆಯಲ್ಲಿ ಯಾವ ಬಣ್ಣದಲ್ಲಿದೆ ನೋಡಿ

ದೊಡ್ಡ ಊರುಗಳಿಗೆ ಸಾಮಾನ್ಯವಾಗಿ ಒಂದು ಮಾಸ್ಟರ್ ಪ್ಲಾನ್, ಅಂದರೆ ಯಾವ ಜಾಗ ಯಾವ ಬಳಕೆಗೆ ಅಂತ ಗೊತ್ತುಮಾಡುವ ಯೋಜನೆ, ಇರುತ್ತದೆ. ಬೆಂಗಳೂರಿಗೆ 2007ರಲ್ಲಿ ಜಾರಿಗೆ ಬಂದದ್ದು 'ಪರಿಷ್ಕೃತ ಮಾಸ್ಟರ್ ಪ್ಲಾನ್ 2015'. 2031ಕ್ಕೆ ಅಂತ ಮಾಡಿದ ಕರಡು 2017ರಲ್ಲಿ ಹೊರಬಂತು. ಆಮೇಲೆ ಸರ್ಕಾರ ಅದನ್ನು ಹಿಂತೆಗೆದುಕೊಂಡಿತು. ಹೀಗಾಗಿ ನಿಮ್ಮ ಬೀದಿಯ ಹಣೆಬರಹವನ್ನು ಹಳೇ ಪ್ಲಾನಿನಲ್ಲೇ ಹುಡುಕಬೇಕು.

ಪ್ಲಾನಿನ ಜೊತೆ ಭೂ ಉಪಯೋಗದ ನಕ್ಷೆಗಳಿವೆ. ವಸತಿ ಹಳದಿ, ವಾಣಿಜ್ಯ ನೀಲಿ, ಪಾರ್ಕು ಹಸಿರು. ನಿಮ್ಮ ಬೀದಿ ಇರುವ ಹಾಳೆಯನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ. ಅದನ್ನು ಹಿಡಿದುಕೊಂಡು ಬೀದಿಯ ಈ ತುದಿಯಿಂದ ಆ ತುದಿಗೆ ನಡೆಯಿರಿ. ಹಳದಿ ಇರುವ ಕಡೆ ಶೋರೂಂ ಕಂಡರೆ ಗುರುತು ಹಾಕಿ. ಹಸಿರು ಇರುವ ಕಡೆ ಬೇಲಿ ಕಂಡರೆ ಅದನ್ನೂ ಗುರುತು ಹಾಕಿ. 'ಮ್ಯುಟೇಷನ್ ಕಾರಿಡಾರ್' (ವಾಣಿಜ್ಯಕ್ಕೆ ಬದಲಾಗಲು ಬಿಟ್ಟ ರಸ್ತೆ) ಅಂತ ಗುರುತಿಸಿದ ದೊಡ್ಡ ರಸ್ತೆ ಪಕ್ಕದಲ್ಲಿದ್ದರೆ ಇನ್ನೂ ಎಚ್ಚರ ಬೇಕು. ಅಲ್ಲಿನ ಒತ್ತಡ ಒಳಗಿನ ಕ್ರಾಸುಗಳಿಗೆ ನುಗ್ಗಿಯೇ ನುಗ್ಗುತ್ತದೆ.

ಹಳದಿ ಬಣ್ಣ ಕಂಡ ತಕ್ಷಣ ನೆಮ್ಮದಿಯಾಗಿ ಕೂರಬೇಡಿ. ಆ ಪ್ಲಾನಿನಲ್ಲಿ ವಸತಿ ವಲಯದೊಳಗೇ ಒಂದಿಷ್ಟು ವ್ಯಾಪಾರಕ್ಕೆ ಜಾಗ ಬಿಟ್ಟಿದ್ದರು. ಇದನ್ನು ಪ್ರಶ್ನಿಸಿ ನಾಗರಿಕರು ಹೈಕೋರ್ಟ್‌ವರೆಗೆ ಹೋದರು. 40 ಅಡಿಗಿಂತ ಕಿರಿದಾದ ರಸ್ತೆಯಲ್ಲಿ ವ್ಯಾಪಾರ ಬೇಕಾ ಅನ್ನೋದೇ ಆ ಜಗಳದ ಮುಖ್ಯ ವಿಷಯ ಆಗಿತ್ತು. ಆದ್ದರಿಂದ ಟೇಪ್ ಹಿಡಿದು ನಿಮ್ಮ ರಸ್ತೆಯ ಅಗಲ ಅಳೆದಿಟ್ಟುಕೊಳ್ಳಿ. ಮುಂದೆ ಎಫ್‌ಎಆರ್ (ಸೈಟಿನ ವಿಸ್ತೀರ್ಣದ ಎಷ್ಟು ಪಟ್ಟು ಕಟ್ಟಬಹುದು ಅನ್ನುವ ಮಿತಿ) ಎಷ್ಟು ಸಿಗುತ್ತದೆ, ಎಷ್ಟು ಮಹಡಿ ಏಳುತ್ತದೆ ಅನ್ನುವ ಲೆಕ್ಕದಲ್ಲೂ ಈ ಅಗಲ ಬರುತ್ತದೆ. ಅರ್ಜಿಯಲ್ಲಿ 40 ಅಡಿ ಅಂತ ಬರೆದಿರುತ್ತಾರೆ, ಅಳೆದರೆ 30 ಇರುತ್ತದೆ. ಅಂಥ ಕಡೆ ಟೇಪ್ ಹಿಡಿದು ತೆಗೆದ ಒಂದು ಫೋಟೋ ಹತ್ತು ಭಾಷಣಕ್ಕಿಂತ ಮೇಲು.

ಹತ್ತಿರದಲ್ಲಿ ಕೇಂದ್ರ ಪುರಾತತ್ವ ಇಲಾಖೆ ರಕ್ಷಿಸಿದ ಸ್ಮಾರಕ ಏನಾದರೂ ಇದೆಯಾ, ಅದನ್ನೂ ನೋಡಿ. ಇದ್ದರೆ ಪ್ರಾಚೀನ ಸ್ಮಾರಕಗಳ ಕಾಯ್ದೆಯ 2010ರ ತಿದ್ದುಪಡಿ ಪ್ರಕಾರ ಅದರ ಸುತ್ತ 100 ಮೀಟರ್ ನಿಷೇಧಿತ ವಲಯ. ಅಲ್ಲಿಂದಾಚೆ ಇನ್ನೂ 200 ಮೀಟರ್ ನಿಯಂತ್ರಿತ ವಲಯ. ಬೆಂಗಳೂರು ಪೇಟೆಯಲ್ಲಿ ಟಿಪ್ಪು ಅರಮನೆ, ಕೋಟೆಯ ಅಕ್ಕಪಕ್ಕ ಇರುವವರಿಗೆ ಇದು ದೊಡ್ಡ ಬಲ.

ಬೀದಿಯ ದಾಖಲೆ ಬರೆಯಿರಿ

1898ರ ಪ್ಲೇಗ್ ಬಂದಾಗ ಪೇಟೆಯ ಇಕ್ಕಟ್ಟಿನಿಂದ ಜನ ಹೊರಗೆ ಬರಲಿ ಅಂತ ಬೆಳೆಸಿದ ಬಡಾವಣೆಗಳು ಬಸವನಗುಡಿ ಮತ್ತು ಮಲ್ಲೇಶ್ವರ. ಗಾಳಿ, ಬೆಳಕು, ಮನೆ ಸುತ್ತ ಖಾಲಿ ಜಾಗ, ಮನೆ ಹಿಂದೆ ಕನ್ಸರ್ವೆನ್ಸಿ ಗಲ್ಲಿ (ಶುಚಿ ಮಾಡುವವರು ಓಡಾಡಲು ಬಿಟ್ಟ ಕಿರಿದಾದ ದಾರಿ). ಆರೋಗ್ಯಕ್ಕೆ ಅಂತಲೇ ಹಾಕಿದ ನಕ್ಷೆ ಅದು. ಇಲ್ಲಿನ ಪರಂಪರೆ ಇರುವುದು ನಕ್ಷೆಯಲ್ಲೂ ಹೌದು, ಕಟ್ಟಡದಲ್ಲೂ ಹೌದು. ಚಂದದ ಎರಡು ಬಂಗಲೆ ಉಳಿಸಿ ನಡುವೆ ಗೋಡೆಗೆ ಗೋಡೆ ಅಂಟಿಸಿ ಆರು ಅಂತಸ್ತು ಎಬ್ಬಿಸಿದರೆ ಬಡಾವಣೆ ಉಳಿದಂತಾಗುವುದಿಲ್ಲ.

ದಾಖಲೆ ಮಾಡುವಾಗ ಇದು ನೆನಪಿರಲಿ. ಮಂಕಿ ಟಾಪ್ ಕಿಟಕಿ (ಮೇಲೆ ಚೂಪಾದ ಮರದ ಮಾಡು ಇರುವಂಥದ್ದು), ಮಂಗಳೂರು ಹೆಂಚು, ಮದ್ರಾಸ್ ತಾರಸಿ (ಮರದ ತೊಲೆ ಮೇಲೆ ಇಟ್ಟಿಗೆ, ಸುಣ್ಣ ಹಾಕಿದ್ದು), ರೆಡ್ ಆಕ್ಸೈಡ್ ನೆಲ, ಮುಂದಿನ ಜಗಲಿ ಇವನ್ನೆಲ್ಲ ಬರೆಯಿರಿ. ಜೊತೆಗೆ ಗಲ್ಲಿ, ಬಾವಿ, ಅಶ್ವತ್ಥಕಟ್ಟೆ, ಸಾಲುಮರ, ಮನೆಯಿಂದ ರಸ್ತೆಗೆ ಬಿಟ್ಟ ಜಾಗ ಇವೂ ಪಟ್ಟಿಗೆ ಸೇರಬೇಕು. ಮೂಲೆಯ ದರ್ಜಿ ಅಂಗಡಿ, ಹೂ ಮಾರುವವರು ಕೂರುವ ಜಾಗ, ಗ್ರಂಥಿಗೆ ಅಂಗಡಿ ಇವನ್ನು ಬಿಡಬೇಡಿ. ಪರಂಪರೆ ಉಳಿಸುವ ಹೆಸರಲ್ಲಿ ಇವರನ್ನೇ ಎಬ್ಬಿಸುವ ಯೋಜನೆಗಳೂ ಬರುತ್ತವೆ. ಅದಕ್ಕೆ ನಿಮ್ಮ ದಾಖಲೆಯೇ ತಡೆ ಆಗಬೇಕು.

ಒಂದು ಮನೆಗೆ ಒಂದು ಹಾಳೆ ಸಾಕು. ಸೈಟ್ ನಂಬರ್, ಕಟ್ಟಿದ ವರ್ಷ (ಅಂದಾಜಾದರೆ ಅಂದಾಜು ಅಂತಲೇ ಬರೆಯಿರಿ), ಎಷ್ಟು ಮಹಡಿ, ಈಗ ಏನಾಗಿ ಬಳಕೆಯಲ್ಲಿದೆ, ಎದುರಿನಿಂದ ಒಂದು ಫೋಟೋ, ದಿನಾಂಕ. ಮನೆಯವರು ಒಪ್ಪಿದರೆ ಹಳೇ ಕ್ರಯಪತ್ರದ ಪ್ರತಿ, ಹಳೇ ಮದುವೆ ಫೋಟೋದಲ್ಲಿ ಮನೆ ಕಾಣುವಂಥದ್ದು. ಪರಂಪರೆ ಉಳಿಸುವ ಕೆಲಸ ಮಾಡುವ ಇಂಟ್ಯಾಕ್ ಸಂಸ್ಥೆಗೆ ಬೆಂಗಳೂರಿನಲ್ಲಿ ಶಾಖೆ ಇದೆ, ಇಂಥ ಪಟ್ಟಿ ಮಾಡಿದ ಅನುಭವವೂ ಇದೆ. ಹತ್ತಿರದ ಆರ್ಕಿಟೆಕ್ಚರ್ ಕಾಲೇಜಿನ ಮಕ್ಕಳನ್ನು ಕರೆದರೆ ಅಳತೆ ತೆಗೆದು ನಕ್ಷೆ ಬರೆದುಕೊಡುತ್ತಾರೆ.

ದಾಖಲೆ ಮುಗಿದ ಮೇಲೆ ಅದನ್ನು ಬೀರುವಿನಲ್ಲಿ ಇಡಬೇಡಿ. ಯೋಜನಾ ಕಾಯ್ದೆಯಲ್ಲೇ ಪಾರಂಪರಿಕ ಕಟ್ಟಡ ಮತ್ತು ಪಾರಂಪರಿಕ ಪ್ರದೇಶ ಅನ್ನುವುದಕ್ಕೆ ವ್ಯಾಖ್ಯಾನ ಇದೆ, ಯೋಜನಾ ಪ್ರಾಧಿಕಾರ ಹಾಗೆ ಘೋಷಿಸಬಹುದು. ನಿಮ್ಮ ಬೀದಿಯನ್ನು ಹಾಗೆ ಘೋಷಿಸಿ ಅಂತ ಪತ್ರ ಬರೆದು, ದಾಖಲೆ ಲಗತ್ತಿಸಿ, ಟಪಾಲು ವಿಭಾಗದಲ್ಲಿ ಕೊಟ್ಟು ಸೀಲು ಹಾಕಿಸಿಕೊಳ್ಳಿ. ಒಪ್ಪದಿದ್ದರೂ ಪರವಾಗಿಲ್ಲ. ಇಂಥ ದಿನ ಇಂಥ ಮನವಿ ಕೊಟ್ಟಿದ್ದೆವು ಅನ್ನೋದು ಕಡತದಲ್ಲಿ ಸೇರಿತಲ್ಲ, ಅದು ಮುಂದೆ ಕೆಲಸಕ್ಕೆ ಬರುತ್ತದೆ.

ಹದಿನೈದು ದಿನದ ಪ್ರಕಟಣೆ

ಈಗ ಹೇಳುವ ವಿಷಯ ಎಲ್ಲಕ್ಕಿಂತ ಮುಖ್ಯ. ಮಾಸ್ಟರ್ ಪ್ಲಾನ್ ಜಾರಿಯಾದ ಮೇಲೂ ಒಂದೊಂದೇ ಸೈಟಿನ ಭೂ ಉಪಯೋಗ ಬದಲಾಯಿಸಲು ಕಾಯ್ದೆಯ 14ಎ ಕಲಂನಲ್ಲಿ ದಾರಿ ಇದೆ. ಅದಕ್ಕೆ ಮೂರು ಷರತ್ತುಗಳಿವೆ. ಬದಲಾವಣೆ ಸಾರ್ವಜನಿಕ ಹಿತಕ್ಕಾಗಿ ಇರಬೇಕು. ಈ ಕಾಯ್ದೆಗಾಗಲಿ ಬೇರೆ ಯೋಜನಾ ಕಾನೂನಿಗಾಗಲಿ ವಿರುದ್ಧ ಇರಬಾರದು. ಆ ಪ್ರದೇಶದಲ್ಲಿ ಓದುವ ದಿನಪತ್ರಿಕೆಯಲ್ಲಿ ಪ್ರಕಟಿಸಿ, ಕನಿಷ್ಠ 15 ದಿನ ಆಕ್ಷೇಪಣೆಗೆ ಅವಕಾಶ ಕೊಡಬೇಕು.

ಆ ಪ್ರಕಟಣೆ ಸುಮ್ನೆ ಪುಟ ತಿರುಗಿಸುವವರ ಕಣ್ಣಿಗೆ ಬೀಳುವುದೇ ಇಲ್ಲ. ಟೆಂಡರು, ಕಳೆದುಹೋದ ದಾಖಲೆಪತ್ರಗಳ ಜಾಹೀರಾತಿನ ನಡುವೆ ಸಣ್ಣ ಅಕ್ಷರದಲ್ಲಿ ಇರುತ್ತದೆ. ಸೈಟ್ ನಂಬರ್ ಅಥವಾ ಸರ್ವೆ ನಂಬರ್, ಚದರ ಮೀಟರಿನಲ್ಲಿ ವಿಸ್ತೀರ್ಣ, 'ವಸತಿ ಉಪಯೋಗದಿಂದ ವಾಣಿಜ್ಯ ಉಪಯೋಗಕ್ಕೆ', ಕಡತದ ಸಂಖ್ಯೆ, ಕೊನೇ ದಿನ. ಬೀದಿಯ ಹೆಸರು ನೀವು ಕರೆಯುವ ಹಾಗೆ ಇರಲಿಕ್ಕಿಲ್ಲ. ಆದ್ದರಿಂದ ನಿಮ್ಮ ಬೀದಿಯ ಎಲ್ಲ ಸೈಟ್ ನಂಬರುಗಳ ಪಟ್ಟಿ ಒಂದು ಕಡೆ ಇರಲಿ.

ನಿವೃತ್ತರಾದ, ದಿನಾ ಪೇಪರ್ ಪೂರ್ತಿ ಓದುವ ಇಬ್ಬರು ಮೂವರು ಹಿರಿಯರು ಪ್ರತಿ ಬೀದಿಯಲ್ಲೂ ಇರುತ್ತಾರಲ್ವಾ? ಈ ಕೆಲಸ ಅವರಿಗೆ ವಹಿಸಿ. ಒಬ್ಬರಿಗೆ ಕನ್ನಡ ಪತ್ರಿಕೆ, ಇನ್ನೊಬ್ಬರಿಗೆ ಇಂಗ್ಲಿಷ್ ಪತ್ರಿಕೆ. ಪ್ರಕಟಣೆ ಕಂಡರೆ ಪುಟದ ತಲೆಯಲ್ಲಿರುವ ದಿನಾಂಕ ಕಾಣುವ ಹಾಗೆ ಫೋಟೋ ತೆಗೆದು ಗುಂಪಿಗೆ ಹಾಕಲಿ. 15 ದಿನದ ಲೆಕ್ಕ ಶುರುವಾಗುವುದು ಆ ದಿನಾಂಕದಿಂದ.

ಕೆಲವರು ಪ್ರಕಟಣೆ ನೋಡಿದ ಮೇಲೆ ಆರ್‌ಟಿಐ ಹಾಕಲು ಓಡುತ್ತಾರೆ. ಆರ್‌ಟಿಐ ಉತ್ತರಕ್ಕೆ ಇರುವ ಗಡುವು 30 ದಿನ. ಆಕ್ಷೇಪಣೆಗೆ ಸಿಗುವುದು 15 ದಿನ. ಲೆಕ್ಕ ಕೂಡುವುದೇ ಇಲ್ಲ. ಆರ್‌ಟಿಐ ಯಾವಾಗಲೂ ಮುಂಚೆಯೇ ಹೋಗಬೇಕು. "ನಮ್ಮ ವಾರ್ಡಿನಲ್ಲಿ ಭೂ ಉಪಯೋಗ ಬದಲಾವಣೆಗೆ ಬಂದಿರುವ ಅರ್ಜಿಗಳ ಪಟ್ಟಿ ಕೊಡಿ" ಅಂತ ಆಗಾಗ ಕೇಳುತ್ತಿರಿ. ಕರ್ನಾಟಕದಲ್ಲಿ ಅರ್ಜಿ 150 ಪದದೊಳಗೆ ಇರಬೇಕು, ಒಂದು ಅರ್ಜಿಯಲ್ಲಿ ಒಂದೇ ವಿಷಯ. ಶುಲ್ಕ 10 ರೂಪಾಯಿ. ಉತ್ತರ ಬರದಿದ್ದರೆ ಮೊದಲ ಮೇಲ್ಮನವಿಗೆ 30 ದಿನ ಇದೆ, ಬಿಡಬೇಡಿ.

ಅರ್ಜಿ ಯಾರಿಗೆ ಕೊಡುವುದು ಅನ್ನುವ ಗೊಂದಲ ಈಗ ಬೆಂಗಳೂರಿನಲ್ಲಿ ಜಾಸ್ತಿ. ಬಿಬಿಎಂಪಿ ಹೋಗಿ 2025ರ ಸೆಪ್ಟೆಂಬರ್‌ನಲ್ಲಿ ಐದು ನಗರ ಪಾಲಿಕೆಗಳು ಬಂದಿವೆ, ಅವುಗಳ ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಇದೆ. ಪ್ರಕಟಣೆ ಹೊರಡಿಸಿದ ಕಚೇರಿಯ ಹೆಸರು ನೋಡಿ ಅಲ್ಲಿಗೇ ಕೊಡಿ. ಅನುಮಾನ ಇದ್ದರೆ ಪಾಲಿಕೆಗೂ ಒಂದು ಪ್ರತಿ ಕೊಡಿ.

ಆಕ್ಷೇಪಣೆ ಬರೆಯುವ ರೀತಿ

ಒಂದೇ ಪತ್ರಕ್ಕೆ ಇನ್ನೂರು ಸಹಿ ಹಾಕಿಸುವುದು ಸುಲಭ. ಆದರೆ ಅದು ಕಡತದಲ್ಲಿ ಒಂದು ಪತ್ರ ಅಂತಲೇ ಸೇರುವ ಸಾಧ್ಯತೆ ಇದೆ. ಮನೆಗೊಂದು ಪತ್ರ ಕೊಡಿ. ಪ್ರತಿಯೊಬ್ಬರೂ ತಮಗೆ ಆಗುವ ತೊಂದರೆಯನ್ನು ತಮ್ಮ ಮಾತಿನಲ್ಲೇ ಬರೆಯಲಿ. ಎದುರು ಮನೆಯವರು ಪಾರ್ಕಿಂಗ್ ಬಗ್ಗೆ, ಹಿಂದಿನ ಮನೆಯವರು ಗಲ್ಲಿಯ ಚರಂಡಿ ಬಗ್ಗೆ, ಶಾಲೆಗೆ ಮಕ್ಕಳನ್ನು ನಡೆಸಿಕೊಂಡು ಹೋಗುವವರು ರಸ್ತೆ ಬಗ್ಗೆ. "ನಮ್ಮ ಬಡಾವಣೆಯ ಸೊಬಗು ಹಾಳಾಗುತ್ತದೆ" ಅನ್ನುವ ಒಂದೇ ಸಾಲು ಎಲ್ಲೂ ನಿಲ್ಲುವುದಿಲ್ಲ. ಹೀಗೆ ಬರೆಯಿರಿ:

"ಉಲ್ಲೇಖಿತ ಸೈಟಿನ ಮುಂದಿನ ರಸ್ತೆಯ ಅಗಲ 30 ಅಡಿ. ಅಳತೆ ಮಾಡಿದ ಫೋಟೋ ಲಗತ್ತಿಸಿದೆ. ಮಾಸ್ಟರ್ ಪ್ಲಾನಿನಲ್ಲಿ ಈ ಸೈಟು ವಸತಿ ವಲಯದಲ್ಲಿದೆ. ಈ ಬದಲಾವಣೆಯಿಂದ ಅರ್ಜಿದಾರರಿಗೆ ಆಗುವ ಅನುಕೂಲ ಬಿಟ್ಟರೆ 14ಎ ಕಲಂ ಕೇಳುವ ಸಾರ್ವಜನಿಕ ಹಿತ ಯಾವುದು ಎಂದು ಪ್ರಕಟಣೆಯಲ್ಲಿ ಹೇಳಿಲ್ಲ. ಈ ಬೀದಿಯನ್ನು ಪಾರಂಪರಿಕ ಪ್ರದೇಶ ಎಂದು ಘೋಷಿಸಲು ಕೋರಿ ನಾವು ಕೊಟ್ಟ ಮನವಿ ತಮ್ಮ ಕಚೇರಿಯಲ್ಲಿದೆ. ತೀರ್ಮಾನಕ್ಕೆ ಮೊದಲು ನನ್ನನ್ನು ಖುದ್ದಾಗಿ ಕೇಳಬೇಕೆಂದು ಕೋರುತ್ತೇನೆ."

ಕೊನೇ ಸಾಲನ್ನು ಮರೆಯಬೇಡಿ. ಖುದ್ದು ವಿಚಾರಣೆ ಕೇಳಿದ್ದೆವು, ಕೊಡಲಿಲ್ಲ ಅನ್ನೋದು ಮುಂದೆ ಕೋರ್ಟಿನಲ್ಲಿ ತೂಕ ಇರುವ ಮಾತು. ಪತ್ರವನ್ನು ಕೈಯಲ್ಲೇ ಕೊಟ್ಟು ಇನ್‌ವರ್ಡ್ ನಂಬರ್ ಬರೆಸಿಕೊಳ್ಳಿ. ತೆಗೆದುಕೊಳ್ಳಲು ಒಪ್ಪದಿದ್ದರೆ ಅವತ್ತೇ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ.

ನನ್ನದೊಂದು ಕೋರಿಕೆ ಇದೆ. ಎಲ್ಲದಕ್ಕೂ ಆಕ್ಷೇಪಣೆ ಹಾಕಬೇಡಿ. ಮಗನ ಸಂಸಾರಕ್ಕೆ ಮಹಡಿ ಮೇಲೆ ಎರಡು ಕೋಣೆ ಕಟ್ಟುವವರನ್ನು, ವಯಸ್ಸಾದವರಿಗೆ ಲಿಫ್ಟ್ ಹಾಕಿಸುವವರನ್ನು ತಡೆಯುವುದು ತಪ್ಪು. ಬಾಡಿಗೆಗೆ ಹುಡುಗರು ಬರಬಾರದು, ಬೇರೆ ಊಟ ಮಾಡುವವರು ಬರಬಾರದು ಅನ್ನುವ ದನಿ ಪತ್ರದಲ್ಲಿ ಇಣುಕಿದರಂತೂ ಹೋರಾಟದ ನ್ಯಾಯವೇ ಹೋಯಿತು. ಊರು ಬೆಳೆಯುತ್ತಿದೆ, ಜನಕ್ಕೆ ಮನೆ ಬೇಕು. ನಾವು ಕೇಳುತ್ತಿರುವುದು ಬೀದಿಯ ಅಳತೆಗೆ ತಕ್ಕ ಕಟ್ಟಡ, ಅಷ್ಟೇ.

ಬಿಲ್ಡರ್‌ಗಿಂತ ಮೊದಲು ಮನೆಯವರ ಹತ್ತಿರ ಹೋಗಿ

ಕಾನೂನಿನ ಕೆಲಸಕ್ಕಿಂತ ಕಷ್ಟದ ಕೆಲಸ ಇದು. ಇದನ್ನು ಮಾಡುವವರು ಕಡಿಮೆ.

ಹಳೇ ಮನೆ ಹೋಗುವುದು ಹೆಚ್ಚಾಗಿ ದುರಾಸೆಯಿಂದಲ್ಲ. ಅಜ್ಜ ಕಟ್ಟಿದ ಮನೆಗೆ ಈಗ ನಾಲ್ಕು ಪಾಲುದಾರರು. ಇಬ್ಬರು ಅಮೆರಿಕದಲ್ಲಿ. ಇಲ್ಲಿರುವ ಅತ್ತಿಗೆಗೆ ಎಪ್ಪತ್ತೈದು ದಾಟಿದೆ. ಮಳೆ ಬಂದರೆ ತಾರಸಿ ಸೋರುತ್ತದೆ. ಆಗ ಬಿಲ್ಡರ್ ಬಂದು ಜಾಯಿಂಟ್ ಡೆವಲಪ್‌ಮೆಂಟ್ ಮಾಡೋಣ, ತಲೆಗೊಂದು ಫ್ಲಾಟು, ಕಟ್ಟಿ ಮುಗಿಯುವವರೆಗೆ ಬಾಡಿಗೆ ನನ್ನದು ಅನ್ನುತ್ತಾನೆ. ಪಾಲಿನ ಜಗಳ ಒಂದೇ ಸಹಿಗೆ ಮುಗಿಯುತ್ತದೆ. ಇವರಿಗೆ ಹೋಗಿ ಪರಂಪರೆಯ ಪಾಠ ಹೇಳಿದರೆ ಯಾರು ಕೇಳುತ್ತಾರೆ? ಕೇಳಬೇಕಾಗಿಯೂ ಇಲ್ಲ.

ಸೋರುವ ತಾರಸಿಯಿಂದ ಮಾತು ಶುರು ಮಾಡಿ. ಹಳೇ ಮನೆಗಳ ಗೋಡೆ ಸುಣ್ಣದ ಗಾರೆಯದು. ಅದು ಹೀರಿದ ತೇವವನ್ನು ಹೊರಗೆ ಬಿಡುತ್ತದೆ. ಮೇಲೆ ಸಿಮೆಂಟ್ ಬಳಿದರೆ ತೇವ ಒಳಗೇ ಉಳಿದು ಇಟ್ಟಿಗೆ ಪುಡಿಯಾಗುತ್ತದೆ. ಬಣ್ಣ ಉಬ್ಬುತ್ತದೆ, ಮನೆಯವರು "ಮನೆ ಹಳೇದಾಯ್ತು, ಇನ್ನು ನಿಲ್ಲಲ್ಲ" ಅಂದುಕೊಳ್ಳುತ್ತಾರೆ. ನಿಜವಾಗಿ ಹಾಳು ಮಾಡಿದ್ದು ರಿಪೇರಿ. ಸುಣ್ಣದ ಕೆಲಸ ಗೊತ್ತಿರುವ ಗಾರೆಯವರು, ಹೆಂಚು ತಿರುಗಿಸಿ ಹಾಕುವವರು, ಹಳೇ ತೇಗದ ಬಾಗಿಲು ಸರಿಮಾಡುವ ಬಡಗಿ ಇವರ ಫೋನ್ ನಂಬರಿನ ಪಟ್ಟಿ ಬೀದಿಗೆಲ್ಲ ಇದ್ದರೆ ಎಷ್ಟೋ ಮನೆ ಉಳಿಯುತ್ತವೆ. ನಾಲ್ಕೈದು ಮನೆಯವರು ಸೇರಿ ಒಂದೇ ಬೇಸಿಗೆಯಲ್ಲಿ ಕೆಲಸ ಮಾಡಿಸಿದರೆ ಖರ್ಚೂ ಇಳಿಯುತ್ತದೆ.

ಆಮೇಲೆ ಬೇರೆ ದಾರಿಗಳನ್ನು ಮುಂದಿಡಿ. ಮುಂದಿನ ಮನೆ ಹಾಗೇ ಇಟ್ಟು ಹಿತ್ತಲಲ್ಲಿ ತಗ್ಗಾದ ಹೊಸ ಮನೆ ಕಟ್ಟಬಹುದು. ಒಬ್ಬ ಪಾಲುದಾರರು ಉಳಿದವರ ಪಾಲನ್ನು ಕೊಳ್ಳಬಹುದು. ಮಾರಲೇಬೇಕಾದರೆ ಮನೆಯನ್ನು ಮನೆಯಾಗಿಯೇ ಕೊಳ್ಳುವವರನ್ನು ಹುಡುಕಲು ನೆರೆಹೊರೆಯವರು ಸಹಾಯ ಮಾಡಬಹುದು. ವಲಯ ಒಪ್ಪುವ ಕಡೆ ಹೊಸ ಬಳಕೆಯೂ ಆಗುತ್ತದೆ. ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಷನ್ 2009ರಿಂದ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಆಗಿದೆ. ಕಟ್ಟಡ ನಿಂತಿದೆ, ಮರಗಳೂ ನಿಂತಿವೆ.

ಒಂದು ಉಪಾಯದ ಬಗ್ಗೆ ಮನೆಯವರಿಗೂ ನೆರೆಯವರಿಗೂ ಗೊತ್ತಿರಲಿ. ಚಂಡೀಗಢದ ಹಳೇ ಸೆಕ್ಟರ್‌ಗಳಲ್ಲಿ ಒಂದೇ ಕುಟುಂಬಕ್ಕೆ ಅಂತ ಇದ್ದ ಮನೆಯ ಪಾಲುಗಳನ್ನು ಬೇರೆ ಬೇರೆಯವರಿಗೆ ಮಾರಿ, ಮಹಡಿಗೊಬ್ಬರಂತೆ ಹಂಚಿಕೊಂಡು, ಕಾಗದದಲ್ಲಿ ಕಾಣದ ಹಾಗೆ ಅಪಾರ್ಟ್‌ಮೆಂಟ್ ಮಾಡುತ್ತಿದ್ದರು. ನಿವಾಸಿಗಳ ಸಂಘ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. 2023ರ ಜನವರಿ 10ರಂದು ಕೋರ್ಟು ಆ ಸೆಕ್ಟರ್‌ಗಳಲ್ಲಿ ಅದನ್ನು ನಿಷೇಧಿಸಿತು. ಆ ತೀರ್ಪಿನಲ್ಲಿ, ಯೋಜನೆ ಇಲ್ಲದೆ ಬೆಳೆದರೆ ಏನಾಗುತ್ತದೆ ಅನ್ನುವುದಕ್ಕೆ ಎಚ್ಚರಿಕೆಯಾಗಿ ಕೊಟ್ಟ ಉದಾಹರಣೆ ನಮ್ಮ ಬೆಂಗಳೂರು. ಓದಿದರೆ ಹೊಟ್ಟೆ ಉರಿಯುತ್ತದೆ. ಆದರೂ ಓದಿ, ಆಕ್ಷೇಪಣೆಯಲ್ಲಿ ಅದರ ಹೆಸರು ಹೇಳಿ.

ಕಟ್ಟಡ ಏಳುತ್ತಿರುವಾಗ

ಭೂ ಉಪಯೋಗದ ಬದಲಾವಣೆ ಆಗದಿದ್ದರೂ ಕಟ್ಟುವವರು ಮಂಜೂರಾದ ನಕ್ಷೆ ಮೀರುವುದು ಸಾಮಾನ್ಯ. ಮೀಸಲಿಟ್ಟ ಪಾರ್ಕಿಂಗ್ ಜಾಗದಲ್ಲಿ ಅಂಗಡಿ, ಪಕ್ಕ ಬಿಡಬೇಕಾದ ಜಾಗದಲ್ಲಿ ಮೆಟ್ಟಿಲು, ಮೇಲೊಂದು ಮಹಡಿ. 2024ರ ಡಿಸೆಂಬರ್ 17ರಂದು ಮೀರತ್‌ನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ದೇಶಕ್ಕೆಲ್ಲ ಅನ್ವಯಿಸುವ ನಿರ್ದೇಶನ ಕೊಟ್ಟಿದೆ. ಕೆಲಸ ನಡೆಯುವ ಜಾಗದಲ್ಲಿ ಮಂಜೂರಾದ ನಕ್ಷೆಯನ್ನು ಕಾಣುವ ಹಾಗೆ ಹಾಕಿರಬೇಕು. ನಕ್ಷೆ ಕಾಣದಿದ್ದರೆ ಅದೇ ಮೊದಲ ದೂರು.

ಪಾಯ ತೆಗೆದಾಗ ಒಂದು ಫೋಟೋ, ಪ್ರತಿ ಮೋಲ್ಡ್ ಹಾಕಿದಾಗ ಒಂದೊಂದು. ಪಾಯದ ಹಂತದಲ್ಲೇ ಪಕ್ಕದ ಗೋಡೆಗೆ ಎಷ್ಟು ಅಡಿ ಬಿಟ್ಟಿದ್ದಾರೆ ನೋಡಿ ದೂರು ಕೊಟ್ಟರೆ ಸರಿಪಡಿಸಲು ಆಗುತ್ತದೆ. ನಾಲ್ಕನೇ ಮೋಲ್ಡ್ ಬಿದ್ದ ಮೇಲೆ ಕೊಟ್ಟರೆ ನೋಟಿಸು, ಮೇಲ್ಮನವಿ, ತಡೆಯಾಜ್ಞೆ ಅಂತ ವರ್ಷಗಳು ಹೋಗುತ್ತವೆ. ಮರ ಕಡಿಯುವ ಸುಳಿವು ಸಿಕ್ಕರೆ ವೃಕ್ಷ ಅಧಿಕಾರಿಯ ಅನುಮತಿ ಪತ್ರ ತೋರಿಸಿ ಅಂತ ಕೇಳಿ. 1976ರ ಮರ ಸಂರಕ್ಷಣಾ ಕಾಯ್ದೆ ಖಾಸಗಿ ಕಾಂಪೌಂಡಿನ ಮರಕ್ಕೂ ಅನ್ವಯ ಆಗುತ್ತದೆ.

ಕೋರ್ಟು ಯಾವಾಗ

ಆಕ್ಷೇಪಣೆ ತಳ್ಳಿಹಾಕಿದ ಆದೇಶ ಕೈಗೆ ಬಂದ ಕೂಡಲೇ ವಕೀಲರನ್ನು ನೋಡಿ. ತಡ ಮಾಡಿದಷ್ಟೂ ಕಟ್ಟಡ ಮೇಲೇಳುತ್ತದೆ, ಎದ್ದ ಕಟ್ಟಡವನ್ನು ಇಳಿಸಿ ಅಂತ ಹೇಳಿಸುವುದು ಬಹಳ ಕಷ್ಟ.

"ನಿಮಗೇನು ಸಂಬಂಧ, ಸೈಟು ನಿಮ್ಮದಲ್ಲವಲ್ಲ" ಅನ್ನುವ ಪ್ರಶ್ನೆಗೆ ಬೆಂಗಳೂರಿನದ್ದೇ ಉತ್ತರ ಇದೆ. ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕಿಗೆ ಬಿಟ್ಟ ಜಾಗವನ್ನು ಖಾಸಗಿ ನರ್ಸಿಂಗ್ ಹೋಮ್‌ಗೆ ಕೊಟ್ಟಿದ್ದರು. ಅಲ್ಲಿನ ನಿವಾಸಿಗಳು ಕೋರ್ಟಿಗೆ ಹೋದರು. 'ಬೆಂಗಳೂರು ಮೆಡಿಕಲ್ ಟ್ರಸ್ಟ್ ವಿರುದ್ಧ ಬಿ.ಎಸ್. ಮುದ್ದಪ್ಪ' ಪ್ರಕರಣದಲ್ಲಿ 1991ರಲ್ಲಿ ಸುಪ್ರೀಂ ಕೋರ್ಟು ಆ ಹಂಚಿಕೆ ನಡೆಯದು ಅಂತ ಹೇಳಿತು. ಬಡಾವಣೆಯ ನಿವಾಸಿಗಳಿಗೆ ಕೇಳುವ ಹಕ್ಕಿದೆ ಅಂತಲೂ ಹೇಳಿತು. ನಿಮ್ಮ ವಕೀಲರಿಗೆ ಇದು ಗೊತ್ತಿರುತ್ತದೆ, ನಿಮಗೂ ಗೊತ್ತಿರಲಿ. 1868ರಲ್ಲಿ ಕಟ್ಟಿ ಮುಗಿಸಿದ ಅಠಾರ ಕಚೇರಿಯನ್ನು 1980ರ ದಶಕದಲ್ಲಿ ಕೆಡವಲು ಹೊರಟಾಗಲೂ ಜನ ಎದ್ದು ನಿಂತರು. ಇವತ್ತು ಹೈಕೋರ್ಟ್ ನಡೆಯುತ್ತಿರುವುದು ಆ ಕೆಂಪು ಕಟ್ಟಡದಲ್ಲೇ.

ಹೊಸ ಮಾಸ್ಟರ್ ಪ್ಲಾನ್ ಬಂದಾಗ

ಕಾಯ್ದೆ ಪ್ರಕಾರ ಮಾಸ್ಟರ್ ಪ್ಲಾನನ್ನು ಹತ್ತು ವರ್ಷಕ್ಕೊಮ್ಮೆ ಪರಿಷ್ಕರಿಸಬೇಕು. ತಡವಾದರೂ ಒಂದು ದಿನ ಹೊಸ ಕರಡು ಬರುತ್ತದೆ. ಆಗ ಅಭಿಪ್ರಾಯ ಕೊಡಲು 60 ದಿನ ಸಿಗುತ್ತದೆ. 2031ರ ಕರಡಿನಲ್ಲಿ ಮಲ್ಲೇಶ್ವರ, ಬಸವನಗುಡಿ, ಗವಿಪುರ, ಪೇಟೆ ಮತ್ತು ಕೋಟೆ, ಹಲಸೂರು ಸೇರಿ 12 ಪಾರಂಪರಿಕ ವಲಯಗಳ ಪ್ರಸ್ತಾಪ ಇತ್ತು. ಕರಡು ಹೋಯಿತು, ಅದರ ಜೊತೆ ಆ ಪ್ರಸ್ತಾಪವೂ ಹೋಯಿತು. ಮುಂದಿನ ಕರಡಿನಲ್ಲಿ ಅವು ಇವೆಯಾ ಅಂತ ಮೊದಲ ವಾರವೇ ನೋಡಿ.

ವಲಯದ ಹೆಸರು ಇದ್ದರೆ ಸಾಲದು. ಗಡಿ ಯಾವ ಕ್ರಾಸಿಂದ ಯಾವ ಕ್ರಾಸಿಗೆ, ಗರಿಷ್ಠ ಎತ್ತರ ಎಷ್ಟು, ರಸ್ತೆಯಿಂದ ಎಷ್ಟು ಬಿಡಬೇಕು, ಎರಡು ಮೂರು ಸೈಟು ಸೇರಿಸಿ ಒಂದೇ ಕಟ್ಟಡ ಕಟ್ಟಲು ಬಿಡುತ್ತಾರಾ, ದುಡ್ಡು ಕಟ್ಟಿ ಕೊಳ್ಳುವ ಪ್ರೀಮಿಯಂ ಎಫ್‌ಎಆರ್ ಇಲ್ಲಿ ನಡೆಯುತ್ತದಾ, ಕನ್ಸರ್ವೆನ್ಸಿ ಗಲ್ಲಿಯನ್ನು ರಸ್ತೆ ಅಂತ ಲೆಕ್ಕ ಹಿಡಿಯುತ್ತಾರಾ. ಇಷ್ಟಕ್ಕೂ ಉತ್ತರ ಕರಡಿನಲ್ಲೇ ಇರಬೇಕು. ಹಳೇ ಮನೆ ಉಳಿಸಿಕೊಂಡ ಮಾಲೀಕರು ಕಟ್ಟದೆ ಬಿಟ್ಟ ವಿಸ್ತೀರ್ಣಕ್ಕೆ ಬೇರೆ ಕಡೆ ಮಾರಬಹುದಾದ ಟಿಡಿಆರ್, ಅಂದರೆ ವರ್ಗಾಯಿಸಬಹುದಾದ ಕಟ್ಟುವ ಹಕ್ಕು, ಕೊಡಿ ಅಂತ ಕೇಳಿ. ಅಹಮದಾಬಾದ್‌ನಲ್ಲಿ ಇಂಥ ವ್ಯವಸ್ಥೆ ಇದೆ. ಮುಂಬೈ 1995ರಲ್ಲೇ ಪಾರಂಪರಿಕ ನಿಯಮಾವಳಿ ಮಾಡಿಕೊಂಡಿತ್ತು, ದೇಶದಲ್ಲೇ ಮೊದಲು. ನಾವು ಹೊಸದೇನನ್ನೂ ಕೇಳುತ್ತಿಲ್ಲ.

ನೀವು ಬರೆದ ಬೀದಿ ದಾಖಲೆ, ರಸ್ತೆ ಅಳತೆ, ಸೀಲು ಬಿದ್ದ ಮನವಿಗಳು ಇವೆಲ್ಲ ಅಭಿಪ್ರಾಯ ಪತ್ರದ ಹಿಂದೆ ಲಗತ್ತಾಗಿ ಹೋಗಬೇಕು. ಪ್ರತಿಯೊಂದಕ್ಕೂ ಪುಟಸಂಖ್ಯೆ ಹಾಕಿ, ಎರಡು ಜೆರಾಕ್ಸ್ ಸೆಟ್ ಬೇರೆ ಬೇರೆ ಮನೆಗಳಲ್ಲಿ ಇಡಿ.